ಶನಿವಾರದೊಳಗೆ ಕ್ಷಮೆ

2 ಏಪ್ರಿಲ್ 2006, ಭಾನುವಾರ
ಹೋಟೆಲಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಜನಕಪುರಿಯವರಿಗೆಲ್ಲ ಭಾನುವಾರವೇ ಮಸಾಲೆದೋಸೆ ಬೇಕು. ತಂಗಿ ಪ್ರಜ್ಞಾ ಚರ್ಚಿನ ಕ್ಲಾಸು ಮುಗಿಸಿ ಬಂದಳು. ಹದಿನೈದಕ್ಕೆ, ಈಸ್ಟರ್ ಹಿಂದಿನ ರಾತ್ರಿ, ಅವಳ ಜ್ಞಾನಸ್ನಾನ. ಆಮೇಲೆ ಲಾಯ್ಡ್ ಜೊತೆ ಮದುವೆ. ಊರಿನಿಂದ ಯಾರೂ ಬರುವುದಿಲ್ಲ. ನಾನೊಬ್ಬಳೇ ನಿಲ್ಲುತ್ತೇನೆ. ಅಪ್ಪನ ಮಾತು ಮೀರಿ ಲತೇಶ್‌ರನ್ನು ಕಟ್ಟಿಕೊಂಡು ದೆಹಲಿಗೆ ಬಂದವಳು ನಾನು... ಕಳೆದುಕೊಳ್ಳಲು ಇನ್ನೇನು ಮರ್ಯಾದೆ ಉಳಿದಿದೆ! ಅವಳಿಗೆ ಬಿಳಿ ಸೀರೆ ತಂದಿದ್ದೇನೆ. ಫಾಲ್ಸ್ ಹಾಕಬೇಕು.

9 ಏಪ್ರಿಲ್, ಭಾನುವಾರ
ಪ್ರಜ್ಞಾ ಗರಿಗಳ ಹಬ್ಬಕ್ಕೆ ಚರ್ಚಿನಲ್ಲಿ ಕೊಟ್ಟ ತಾಳೆಗರಿ ಹಿಡಿದು ಬಂದಳು. ಮುಖ ಬಾಡಿತ್ತು. ಫಾದರ್ ಮುಂದೆ ಪಾಪನಿವೇದನೆ ಮಾಡಬೇಕೆಂದು ಇಷ್ಟು ದಿನ ಹೆದರಿ ಸಾಯುತ್ತಿದ್ದಳು. ಅವರು ನಕ್ಕುಬಿಟ್ಟರಂತೆ. ನಿನಗೆ ಅದು ಬೇಡಮ್ಮ, ಜ್ಞಾನಸ್ನಾನದಲ್ಲೇ ಹಿಂದಿನದೆಲ್ಲ ತೊಳೆದುಹೋಗುತ್ತದೆ. ಆದರೆ ಯಾರಿಗಾದರೂ ಅನ್ಯಾಯ ಮಾಡಿದ್ದರೆ ಹೋಗಿ ಸರಿಮಾಡು ಎಂದರಂತೆ.
"ಒಳ್ಳೇದಾಯ್ತಲ್ಲ ಮಾರಾಯ್ತಿ," ಅಂದೆ. ತೆಂಗಿನಕಾಯಿ ತುರಿಯುತ್ತಿದ್ದೆ.
"ಅಕ್ಕಾ... ಅಪ್ಪ ಸಾಯೋ ಮುಂಚೆ ಆಸ್ಪತ್ರೆಯಲ್ಲಿದ್ದಾಗ, ನಿನ್ನ ಮುಖ ನೋಡಲ್ಲ ಅಂತಿದ್ದಾರೆ, ಬರಬೇಡ ಅಂತ ನಾನು ಫೋನ್ ಮಾಡಿದ್ದೆನಲ್ಲ. ಅದು ಸುಳ್ಳು. ನಿನ್ನನ್ನೇ ಕರೀತಿದ್ರು."

10 ಏಪ್ರಿಲ್
ನಿನ್ನೆ ಅಷ್ಟರ ಮೇಲೆ ಬರೆಯಲಾಗಲಿಲ್ಲ.
ಯಾಕೆ ಹಾಗೆ ಮಾಡಿದೆ ಎಂದು ಇವತ್ತು ಕೇಳಿದೆ. "ಅಪ್ಪನ ಹೇಲು ಉಚ್ಚೆ ಬಳಿದವಳು ನಾನು. ನೀನು ಬಂದಿದ್ರೆ ನಾನು ಅವರ ಕಣ್ಣಿಗೇ ಬೀಳ್ತಿರ್ಲಿಲ್ಲ." ಅಪ್ಪನಿಗೆ ಹೇಳಿದ್ದು ಬೇರೆ. ಅಕ್ಕ ಬರಲ್ಲ ಅಂದಳು, ಅಂತ.
ಅಯ್ಯೋ ದೇವರೇ! ಕಟ್ಟಿಟ್ಟ ಬ್ಯಾಗ್ ಬಿಚ್ಚಿಟ್ಟಿದ್ದೆನಲ್ಲ ಅವತ್ತು. ಊರಲ್ಲಿ ಇವತ್ತಿಗೂ ನಾನು ಅಪ್ಪನ ಹೆಣಕ್ಕೂ ಬಾರದ ಮಗಳು. ಹಾಗೆ ಮಾಡಿದವಳನ್ನು ಇಷ್ಟು ದಿನ ಮನೆಯಲ್ಲಿಟ್ಟುಕೊಂಡು ಬಡಿಸಿದೆ.

13 ಏಪ್ರಿಲ್, ಗುರುವಾರ
ಹಿಂದೆ ಮುಂದೆ ಸುತ್ತುತ್ತಾಳೆ. "ಕ್ಷಮಿಸಿದೆ ಅನ್ನು ಅಕ್ಕಾ, ಶನಿವಾರದೊಳಗೆ."
"ಅಮ್ಮನಿಗೆ ಫೋನ್ ಮಾಡು. ನನ್ನೆದುರೇ ಹೇಳು. ಆಮೇಲೆ ನೋಡುವಾ."
"ಅಮ್ಮನ ಹತ್ರ ಮಾತ್ರ ಬೇಡ. ಕೈ ಮುಗೀತೇನೆ."
ಅಚ್ಛಾ! ನನ್ನ ಬಾಯಿಂದ ಕ್ಷಮೆ ಬೇಕು, ಅವಳ ಬಾಯಿಂದ ನಿಜ ಮಾತ್ರ ಊರಿಗೆ ಹೋಗಬಾರದು. ಶನಿವಾರ ತಲೆಗೆ ನೀರು ಬಿದ್ದರೆ ಅವಳದು ತೊಳೆದುಹೋಯಿತು. ಊರಲ್ಲಿ ನನ್ನ ಹೆಸರು ತೊಳೆಯುವವರು ಯಾರು?
"ಬಿಟ್ಟುಬಿಡು, ಚಿಕ್ಕವಳು," ಅಂತಾರೆ ಲತೇಶ್. ಚಿಕ್ಕವಳಂತೆ, ಇಪ್ಪತ್ತೊಂಬತ್ತು ವರ್ಷದ ಚಿಕ್ಕವಳು. ಇವತ್ತು ಅವರ ಜೊತೆಗೂ ಮಾತಾಡಿಲ್ಲ.

15 ಏಪ್ರಿಲ್, ಶನಿವಾರ, ಸಂಜೆ
ಲಾಯ್ಡ್ ಕಾರು ತಂದ. ಪ್ರಜ್ಞಾ ಬಿಳಿ ಸೀರೆಯುಟ್ಟು ಬಾಗಿಲಲ್ಲಿ ನಿಂತಳು. ಬರುವುದಿಲ್ಲ ಎಂದೆ. ಅತ್ತಳು. ಕೊನೆಗೆ ಲತೇಶ್ ಅವಳ ಜೊತೆಗೆ ಹೋದರು.

ಅವರು ಹೋದ ಮೇಲೆ
ನಾನೇ ಅಮ್ಮನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಅಮ್ಮ ಅವಳಿಗೆ ಶಾಪ ಹಾಕುತ್ತಾಳೆ, ಮಗಳೇ ಎಂದು ಅಳುತ್ತಾಳೆ ಅಂದುಕೊಂಡಿದ್ದೆ. ಅಮ್ಮ ಅಂದದ್ದು —
"ಈಗ ಅದೆಲ್ಲ ಎಂತಕ್ಕೆ? ಅವಳು ಫೋನ್ ಮಾಡುವಾಗ ನಾನು ಪಕ್ಕದಲ್ಲೇ ಇದ್ದೆನಲ್ಲ."
ಪಕ್ಕದಲ್ಲೇ ಇದ್ದಳಂತೆ. ಅದಕ್ಕೇ ಪ್ರಜ್ಞಾ ಕೈ ಮುಗಿದದ್ದು.
ಇಷ್ಟು ವರ್ಷ ಫೋನಿನಲ್ಲಿ ಅಮ್ಮನ ಹತ್ತಿರವೇ ಅತ್ತಿದ್ದೇನೆ. ಅಪ್ಪ ನನ್ನ ಹೆಸರನ್ನು ಒಮ್ಮೆಯೂ ಎತ್ತಲಿಲ್ಲವಾ ಅಮ್ಮ, ಒಮ್ಮೆಯೂ? ಎಂದು ಕೇಳಿದ್ದೇನೆ. ಅಮ್ಮ ಪ್ರತಿ ಸಲವೂ, ಇಲ್ಲ ಮಗಳೇ, ಒಮ್ಮೆಯೂ ಇಲ್ಲ, ಅಂದಿದ್ದಾಳೆ.