ಹೊಯ್ದಾಡದ ದೋಣಿ

ಮಾರ್ಚ್ 4, ಭಾನುವಾರ ಸಂಜೆ
ಹಾಯಿ ಮಡಚಿಟ್ಟೆ, ಹಗ್ಗ ಸುತ್ತಿಟ್ಟೆ, ಬಕೆಟ್ ತೊಳೆದೆ. ಇವತ್ತೂ ಅಕ್ಕನಿಗೆ ವಾಂತಿ. ಹೋಗುವಾಗ ಗಾಳಿ ಎದುರಿಗೆ — ರಾಣಿಯ ಹಾಗೆ ಕೂತಿದ್ದಳು. ವಾಪಸ್ ಬರುವಾಗ ಗಾಳಿ ಬೆನ್ನಿಗೆ ಬಂತು ನೋಡು, ದೋಣಿ ಎಡಕ್ಕೊಮ್ಮೆ ಬಲಕ್ಕೊಮ್ಮೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ...

ದೋಣಿ ಕಟ್ಟುವ ಜೆಟ್ಟಿಯ ಮೇಲೆ ಕಾಲಿಟ್ಟವಳೇ ಹೇಳಿದಳು: "ಮುಂದಿನ ಭಾನುವಾರ ಬರ್ತೀನಿ. ಅದೇ ಕೊನೆ ಚಾನ್ಸ್. ಆಗಲೂ ಹಿಂಗೇ ಆದ್ರೆ ನನ್ನ ಪಾಲು ಯಾರಿಗಾದ್ರೂ ಮಾರ್ಬಿಡು."

ಇಬ್ಬರೂ ಸೇರಿ ಆಸೆಪಟ್ಟು ಕೊಂಡ ದೋಣಿ. ಮದುವೆಯಾಗಿ ಬೇರೆ ಬೇರೆ ಮನೆ ಸೇರಿದ ಮೇಲೆ, ನಾವಿಬ್ಬರೇ ಕೂತು ಮನಸಾರೆ ಹರಟಿದ್ದು ಇದರಲ್ಲೇ. ಅಕ್ಕನಿಲ್ಲದ ದೋಣಿ ಇಟ್ಟುಕೊಂಡು ನಾನೇನು ಮಾಡಲಿ? ಅಳು ಬರ್ತಿದೆ.

ಮಾರ್ಚ್ 6
ಕ್ಲಿನಿಕ್‌ನಲ್ಲಿ ಪೇಷೆಂಟ್ ಬಾಯಿ ತೆರೆದು ಕೂತಿದ್ದಾರೆ, ನನ್ನ ತಲೆ ತುಂಬ ಹಾಯಿ. ಯಾವ ಹಲ್ಲು ಅಂತ ಎರಡು ಸಲ ಕೇಳಿದೆ.

ಸಂಜೆ ನಮ್ಮ ಮನೆಯವರನ್ನು ದೋಣಿಗೆ ಎಳೆದುಕೊಂಡು ಹೋದೆ. ಗಾಳಿಯ ಜೊತೆ ನೇರ ಹೋಗೋದು ಬಿಟ್ಟು ಕೊಂಚ ಓರೆಯಾಗಿ ಹೋದೆವು. ಪರವಾಗಿಲ್ಲ. ದೊಡ್ಡ ಹಾಯಿಯ ಬುಡದ ಅಡ್ಡಮರ ಮೇಲೆ ಹಾರದ ಹಾಗೆ ಕೆಳಕ್ಕೆ ಬಿಗಿದೆ. ಇನ್ನೂ ಸ್ವಲ್ಪ ವಾಸಿ. ಇವರನ್ನು ಎಡಕ್ಕೆ ಕೂರಿಸಿದೆ, ಬಲಕ್ಕೆ ಕೂರಿಸಿದೆ, ಹಿಂದಕ್ಕೆ...

"ಹೆಂಡ್ತಿ ಅಂತ ಸುಮ್ನಿದ್ದೀನಿ ಕಣೇ. ಮರಳು ಮೂಟೆಗೂ ಇಷ್ಟು ಕಾಟ ಇರಲ್ಲ."

ಆದರೂ ಅಕ್ಕನಿಗೆ ಇದು ಸಾಲದು. ಉಯ್ಯಾಲೆ ನೋಡಿದರೇ ಅವಳಿಗೆ ತಲೆ ಸುತ್ತುತ್ತದೆ.

ಮಾರ್ಚ್ 9
ಸಿಕ್ಕಿತು! ಸಿಕ್ಕೇಬಿಟ್ಟಿತು!!

ಇವತ್ತೂ ಇವರ ಜೊತೆ ದೋಣಿಗಿಳಿದೆ. ಗಾಳಿ ಬೆನ್ನಿಗೆ ಬಂದಾಗ, ಮುಂದಿನ ಸಣ್ಣ ಹಾಯಿಯ ಹಗ್ಗ ಬಿಡ್ರೀ ಅಂದೆ. ಇವರು ಎರಡೂ ಬದಿಯ ಹಗ್ಗ ಎಳೆದು ಬಿಗಿಯಾಗಿ ಕಟ್ಟಿಬಿಟ್ಟರು. ಹಾಯಿ ದೋಣಿಯ ನಟ್ಟನಡುವೆ ಉದ್ದಕ್ಕೆ ಹಲಗೆಯ ಹಾಗೆ ನಿಂತಿತು. ಗಾಳಿ ಬೆನ್ನಿಗಿದ್ದಾಗ ಹಾಯಿ ಅಗಲಕ್ಕೆ ಬಿಡಬೇಕು, ಯಾರಾದರೂ ಹೀಗೆ ಬಿಗೀತಾರಾ! ಬೈಯೋಕೆ ಬಾಯಿ ತೆರೆದೆ... ದೋಣಿ ಸುಮ್ಮನಾಯಿತು. ನನ್ನ ಬಾಯಿ ತೆರೆದದ್ದು ತೆರೆದ ಹಾಗೇ.

ದೋಣಿ ವಾಲಬೇಕಾದರೆ ಆ ಹಾಯಿ ಗಾಳಿಯನ್ನು ಪಕ್ಕಕ್ಕೆ ತಳ್ಳಬೇಕು — ದೊಡ್ಡ ಬೀಸಣಿಗೆ ಬೀಸಿದಾಗ ಕೈಗೆ ತಡೆ ಸಿಗ್ತದಲ್ಲ, ಹಾಗೆ. ಆ ತಡೆಗೇ ಹೊಯ್ದಾಟ ನಿಲ್ಲೋದು. ಬಿಚ್ಚಿ ನೋಡಿದೆ, ಮತ್ತೆ ಹೊಯ್ದಾಟ. ಕಟ್ಟಿದೆ, ಗಪ್‌ಚುಪ್. ಕುಣಿದು ಇವರನ್ನು ತಬ್ಬಿಕೊಂಡೆ. "ಬೇಕಂತಲೇ ಎಳೆದಿದ್ದು" ಅಂತ ಈಗ ಮೀಸೆ ತಿರುವುತ್ತಿದ್ದಾರೆ. ತಿರುವಲಿ.

ಅಕ್ಕನಿಗೆ ಹೇಳಿಲ್ಲ. ಭಾನುವಾರ ಗಾಳಿ ಬೀಸಿದರೆ ಸಾಕು.

ಮಾರ್ಚ್ 11, ಭಾನುವಾರ — ದೋಣಿಯಲ್ಲಿ
ಹೌದು, ದೋಣಿಯಲ್ಲೇ ಕೂತು ಬರೀತಿದ್ದೇನೆ! ಗಾಳಿ ಬೆನ್ನಿಗೆ, ಜೋರಾಗಿದೆ. ಅಕ್ಕ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಬಕೆಟ್ ತಬ್ಬಿಕೊಂಡು ಕೂತಿದ್ದಳು. ಎಷ್ಟೋ ಹೊತ್ತಾದ ಮೇಲೆ ಒಂದು ಕಣ್ಣು ತೆರೆದಳು.

"ಲೇ, ಗಾಳಿ ನಿಂತೋಯ್ತಾ?"

"ಇಲ್ಲ ಅಕ್ಕ, ಹಿಂದೆ ನೋಡು."

ನೋಡಿದಳು. ಅಲೆಗಳು ಅಟ್ಟಿಸಿಕೊಂಡು ಬರ್ತಿದ್ದವು. ಬಕೆಟ್ ಕೆಳಗಿಟ್ಟಳು. "ಸರಿ, ಚುಕ್ಕಾಣಿ ಇಲ್ಲಿ ಕೊಡು."

ಹಾಡ್ತಿದ್ದಾಳೆ! ಶ್ರುತಿಯಿಲ್ಲ, ತಾಳವಿಲ್ಲ. ನನ್ನ ಖುಷಿ ಎಲ್ಲಿಡಲಿ...

ಜೆಟ್ಟಿ ಬಂತು. "ಅಕ್ಕ, ಇಲ್ಲೇ ತಿರುಗಿಸು." ಕೇಳಿಸಿಯೂ ಕೇಳಿಸದ ಹಾಗಿದ್ದಾಳೆ. "ಅಕ್ಕಾ, ಜೆಟ್ಟಿ!"

"ಜೆಟ್ಟಿ ಎಲ್ಲಿಗೂ ಓಡಿ ಹೋಗಲ್ಲ ಕಣೇ."

ಜೆಟ್ಟಿ ಹಿಂದೆ ಬಿತ್ತು. ದಡದಲ್ಲಿ ಇವರು ಎರಡೂ ಕೈ ಎತ್ತಿ ಏನೋ ಕೂಗ್ತಿದ್ದಾರೆ. ಅಕ್ಕನಿಗೆ ಇನ್ನೂ ಜೋರಾಗಿ ಹೋಗಬೇಕಂತೆ, ದೊಡ್ಡ ಹಾಯಿ ಇನ್ನೂ ಅಗಲಕ್ಕೆ ಬಿಡು ಅಂತ ಕರೀತಿದ್ದಾಳೆ, ಪೆನ್ನು ಇಡ್ತೀನಿ —