ಕೇರಿ ಕಡೆಯ ಕಿಟಕಿ

೧೬-೩-೧೯೮೩, ಬುಧವಾರ

ಊರಿಂದ ಸಂಜೆ ಬಸ್ಸಿಗೆ ಹಗರಿಬೊಮ್ಮನಹಳ್ಳಿಗೆ ಮರಳಿ ಬಂದೆ. ಊಟ ಸೇರಲಿಲ್ಲ. ಆ ಕಿಟಕಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಮ್ಮೂರ ಹೊಸ ಗ್ರಂಥಾಲಯದ ನಕ್ಷೆ ಬರೆದ ಇಂಜಿನಿಯರು ನಾನೇ. ನಮ್ಮ ಕೇರಿಯ ಕಡೆಗೆ ಒಂದು ಕಿಟಕಿಯನ್ನು ಬೇಕೆಂದೇ ತಗ್ಗಿಗೆ ಇಟ್ಟಿದ್ದೆ, ಕೇರಿಯ ಮಕ್ಕಳು ಹೊರಗಿನಿಂದ ಪುಸ್ತಕ ಕಂಡು ಆಸೆಯಿಂದ ಒಳಗೆ ಬರಲಿ ಎಂದು. ಇವತ್ತು ನೋಡಿದರೆ ಅದರ ಸರಳು ಕಿತ್ತು ಕೆಳಗಿನ ಅಂಚಿಗೆ ಅಡ್ಡ ಹಲಗೆ ಜೋಡಿಸಿದ್ದಾರೆ. ಊರವರು ಬಾಗಿಲಿಂದ ಒಳಗೆ ಹೋಗುತ್ತಾರೆ. ಕೇರಿಯವರಿಗೆ ಪುಸ್ತಕ ಆ ಕಿಟಕಿಯಿಂದ.

ಕೊಡುತ್ತಿದ್ದವನು ಚೌಡಣ್ಣ. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಬುತ್ತಿ ಬಿಚ್ಚಿ ಉಂಡವನು, ಈಗ ಅಲ್ಲಿಯ ಗ್ರಂಥಪಾಲಕ.

"ಹಿರೇರು ಹೇಳ್ಯಾರ, ನಾನೇನು ಮಾಡ್ಲಿ ಸೋಮಪ್ಪ? ಕಿಟಕಿ ನೀನ ತಗ್ಗಿಗೆ ಇಟ್ಟೀಯಲ್ಲ, ನಿಮ್ಮೋರಿಗೆ ಅನುಕೂಲನ ಆತು," ಎಂದು ಮೆಲ್ಲಗೆ ಹೇಳಿದ.

ಜಗಳ ತೆಗೆಯಬೇಕಿತ್ತು. ಸೀದಾ ಬಾಗಿಲಿಗೆ ನಡೆಯಬೇಕಿತ್ತು, ಆ ಬಾಗಿಲಿನ ಅಳತೆಯೂ ನನ್ನದೇ. ಅಷ್ಟರಲ್ಲಿ ಒಳಗೆ ಪೇಪರು ಓದುತ್ತಿದ್ದ ಹಿರಿಯರು ತಲೆ ಎತ್ತಿದರು. ಚೌಡಣ್ಣನ ದನಿಯೇ ಬದಲಾಯಿತು. ಕಟ್ಟಡ ಒಪ್ಪಿಸಿದ ಕಾಗದವನ್ನು ಹಲಗೆಯ ಮೇಲೆ ಸರಿಸಿ, "ಸಹಿ ಇಲ್ಲೇ ಹಾಕ್ರಿ ಸಾಹೇಬ್ರ," ಎಂದ.

ಹಾಕಿದೆ. ಮಕ್ಕಳ ಎತ್ತರಕ್ಕೆ ಇಟ್ಟ ಕಿಟಕಿ. ನಾನು ಸೊಂಟ ಬಗ್ಗಿಸಬೇಕಾಯಿತು.