ಹುಳದ ಮನೆಗೆ ನೆಲದ ಗಾಳಿ

ಚಾಮರಾಜನಗರ
೧೦-೪-೧೯೫೬, ಮಂಗಳವಾರ

ಗುಂಡ್ಲುಪೇಟೆಯ ತವರಿನಲ್ಲಿರುವ ಸೊಸೆ ಗಂಗಾಂಬಿಕೆಗೆ ಅತ್ತೆ ಪುಟ್ಟಮಲ್ಲಮ್ಮನ ತುಂಬು ಮನಸ್ಸಿನ ಆಶೀರ್ವಾದ.

ಮಾತು ನನ್ನದು, ಅಕ್ಷರ ನಿನ್ನ ಗಂಡನದು. ಒಂದು ಪದವನ್ನೂ ತಿದ್ದಕೂಡದೆಂದು ಶಿವಮಲ್ಲಪ್ಪನಿಗೆ ಹೇಳಿದ್ದೇನೆ. ನೀನು ಹೋಗಿ ಹನ್ನೊಂದು ತಿಂಗಳಾದರೂ ನಾನು ಒಂದು ಕಾಗದ ಹಾಕಿಸಲಿಲ್ಲ. ನನ್ನ ಬಿಗುಮಾನ ನಿನಗೆ ಗೊತ್ತೇ ಇದೆ.

ಈ ಬೇಸಿಗೆ ನಮ್ಮ ರೇಷ್ಮೆ ಹುಳುಗಳು ಧಗೆಗೆ ಸೊಪ್ಪು ಮುಟ್ಟದೆ ಮಲಗಿಬಿಟ್ಟವು. ಒದ್ದೆ ಗೋಣಿ ಕಟ್ಟಿದ್ದಾಯಿತು, ನೆಲಕ್ಕೆ ನೀರು ಚಿಮುಕಿಸಿದ್ದಾಯಿತು. ಕೊನೆಗೆ ನಿನ್ನ ಕೊಳವೆ ನೆನಪಾಯಿತು. ನಿಮ್ಮ ತವರಿನ ಹಗೇವು, ನೆಲದೊಳಗಿನ ಆ ಧಾನ್ಯದ ಗುಂಡಿ, ಬೇಸಿಗೆಯಲ್ಲಿ ತಂಪಾಗಿ ಚಳಿಯಲ್ಲಿ ಬೆಚ್ಚಗಿರುವುದನ್ನು ಕಂಡಿದ್ದ ನೀನಲ್ಲವೇ ಆಳುದ್ದ ಅಗೆಸಿ, ಕುಂಬಾರರ ಮಣ್ಣಿನ ಕೊಳವೆ ಹೂಳಿಸಿ, ಕೊಟ್ಟಿಗೆಯ ಮಗ್ಗುಲಿನಿಂದ ಹುಳದ ಮನೆಗೆ ಗಾಳಿ ತಂದವಳು? ನೀನು ಹೋದ ಮೇಲೆ, ನಿನ್ನ ಮೇಲಿನ ಸಿಟ್ಟಿಗೆ ಕೊಟ್ಟಿಗೆ ಕಡೆಯ ಅದರ ಬಾಯಿಗೆ ಗೋಣಿ ತುರುಕಿಸಿದವಳು ನಾನು.

ಮೊನ್ನೆ ಭಾನುವಾರ ಆ ಗೋಣಿ ಕಿತ್ತೆ. ಸೀನು ಬಂತು. ಕೊಳವೆಯ ಬಾಯೊಳಗೆಲ್ಲ ಹೊಗೆಸೊಪ್ಪಿನ ಪುಡಿ. ಹೋದ ವರ್ಷ ನನ್ನ ಅಣ್ಣ ಕಳಿಸಿದ್ದ ಹೊಗೆಸೊಪ್ಪಿನ ಕಟ್ಟುಗಳನ್ನು, ನೆರಳಿದೆಯೆಂದು ಅದರ ಮೇಲೆಯೇ ತೂಗುಹಾಕಿದವಳು ನಾನೇ. ಹೊಗೆಸೊಪ್ಪಿನ ವಾಸನೆ ಹುಳಕ್ಕೆ ವಿಷವೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೊಗೆಸೊಪ್ಪು ಅಗಿದರೆ ಬಾಯಿ ಮುಕ್ಕಳಿಸಿ, ಕೈ ತೊಳೆದೇ ಒಳಗೆ ಹೋಗುತ್ತಿದ್ದೆ. ಕೊಳವೆಯೂ ಉಸಿರೆಳೆಯುತ್ತದೆ ಎಂಬುದು ಮಾತ್ರ ಹೊಳೆಯಲಿಲ್ಲ.

ಹೋದ ವರ್ಷ ತಟ್ಟೆ ತಟ್ಟೆಯ ಹುಳುಗಳು ಹಸಿರು ಕಕ್ಕಿ ಸುರುಟಿಕೊಂಡಾಗ, ನೀನು ಮುಟ್ಟಾಗಿದ್ದೂ ಒಳಗೆ ಹೋದೆ ಎಂದು ಬೀದಿಗೆ ಕೇಳುವಂತೆ ಕೂಗಾಡಿದೆ. ಲಿಂಗ ಕಟ್ಟಿದ ನಮ್ಮವರಿಗೆ ಆ ಸೂತಕವೇ ಇಲ್ಲ; ಹುಳದ ಮನೆಗೆ ಮಾತ್ರ ಇದೆ ಎಂದು ಕಟ್ಟಳೆ ಮಾಡಿದವಳೂ ನಾನೇ. “ಇಲ್ಲ ಕಣತ್ತೆ, ನಾ ಹೊಸ್ಲು ದಾಟ್ನಿಲ್ಲ” ಎಂದು ನೀನು ಅಳುತ್ತಾ ಹೇಳಿದೆ. “ಸುಳ್ ಬೊಗಳಬ್ಯಾಡ ಕಣಮ್ಮಿ” ಎಂದೆ. ಆ ಮಾತು ಈಗ ನನ್ನನ್ನೇ ತಿನ್ನುತ್ತಿದೆ. ತಪ್ಪು ನನ್ನದು ತಾಯಿ.

ಕೊಳವೆಯ ಬಾಯಿಯನ್ನು ಮೂರು ಸಲ ತೊಳೆಸಿದೆ. ನಿನ್ನೆಯಿಂದ ಹುಳುಗಳು ಸೊಪ್ಪು ತಿನ್ನುತ್ತಿವೆ. ಬರುವ ಸೋಮವಾರ ಬೆಳಗಿನ ಬಸ್ಸಿಗೆ ಅಲ್ಲಿಗೆ ಬರುತ್ತೇನೆ. ಬೀದಿಗೆ ಕೇಳುವಂತೆ ಅಂದವಳು ನಾಲ್ಕು ಜನರ ಮುಂದೆಯೇ ಕೈಮುಗಿದು ಕ್ಷಮೆ ಕೇಳಬೇಕು. ಮನೆಗೆ ಬರುವುದು ಬಿಡುವುದು ನಿನ್ನ ಇಷ್ಟ. ನೀನು ಬಾರದಿದ್ದರೂ ನಾನು ಸಿಟ್ಟಾಗುವುದಿಲ್ಲ.

ನಿನ್ನ ದಾರಿ ನೋಡುವ ಅತ್ತೆ,
ಪುಟ್ಟಮಲ್ಲಮ್ಮ
(ಹೆಬ್ಬೆಟ್ಟಿನ ಗುರುತು)

ತಾ. ಕ.: ಗಂಗಾ, ಇದು ಶಿವಮಲ್ಲಪ್ಪನ ಮಾತು. ಇದನ್ನು ಅಮ್ಮನಿಗೆ ಓದಿ ಹೇಳಿಲ್ಲ. ಹುಳು ಸತ್ತ ದಿನವೇ ನಾನು ಆ ಕಟ್ಟುಗಳನ್ನು ಕಂಡೆ, ಕಾರಣವೂ ತಿಳಿಯಿತು. ಅಮ್ಮನ ಬಾಯಿಗೆ ಹೆದರಿ, ಸದ್ದಿಲ್ಲದೆ ಬಿಚ್ಚಿ ಅಟ್ಟಕ್ಕೆ ಹಾಕಿದೆ. ನೀನು ಹೊರಟಿದ್ದು ಅದರ ಮಾರನೆಯ ದಿನ. ನಿನ್ನ ಟ್ರಂಕನ್ನು ಬಸ್ಸಿನ ಮೇಲಕ್ಕೆ ಎತ್ತಿ ಕೊಟ್ಟವನೂ ನಾನೇ. ಸೋಮವಾರ ಅಮ್ಮ ನಿನ್ನೆದುರು ಕೈಮುಗಿಯುವ ಮೊದಲು ಇದು ನಿನಗೆ ತಿಳಿದಿರಲಿ.